ಎರಡೂ ಮನೆಗೆ ಸಲ್ಲದ ಸಂಪ್ರದಾಯವಾದಿ

2004ರ ನವೆಂಬರ್ 2ರಂದು ಅಮೆರಿಕದ ಹನ್ನೊಂದು ರಾಜ್ಯಗಳಲ್ಲಿ ಅಧ್ಯಕ್ಷೀಯ ಚುನಾವಣೆಯ ಜೊತೆಯಲ್ಲೇ ಇನ್ನೊಂದು ಪ್ರಶ್ನೆಯನ್ನೂ ಮತದಾರರ ಮುಂದಿಡಲಾಗಿತ್ತು. ವಿವಾಹವೆಂದರೆ ಒಬ್ಬ ಪುರುಷ ಮತ್ತು ಒಬ್ಬ ಸ್ತ್ರೀಯ ನಡುವಣ ಸಂಬಂಧ ಮಾತ್ರ ಎಂದು ರಾಜ್ಯದ ಸಂವಿಧಾನದಲ್ಲಿ ಬರೆಯಬೇಕೇ ಎಂಬುದು ಆ ಪ್ರಶ್ನೆ. ಹನ್ನೊಂದಕ್ಕೆ ಹನ್ನೊಂದೂ ರಾಜ್ಯಗಳು ಹೌದೆಂದವು. ಅದೇ ದಿನ ಮತಗಟ್ಟೆಯಿಂದ ಹೊರಬಂದವರನ್ನು ಮಾತನಾಡಿಸಿ ನಡೆಸಿದ ಸಮೀಕ್ಷೆಯಲ್ಲಿ, ತಾವು ಸಲಿಂಗಕಾಮಿಗಳೆಂದು ಹೇಳಿಕೊಂಡವರ ಪೈಕಿ ಶೇ 23ರಷ್ಟು ಮಂದಿ ಜಾರ್ಜ್ ಬುಷ್ ಅವರಿಗೆ ಮತ ನೀಡಿದ್ದಾಗಿ ತಿಳಿಸಿದರು. ಸಲಿಂಗ ವಿವಾಹವನ್ನು ತಡೆಯಲು ರಾಷ್ಟ್ರದ ಸಂವಿಧಾನಕ್ಕೇ ತಿದ್ದುಪಡಿ ತರಬೇಕೆಂದು ಆ ವರ್ಷದ ಫೆಬ್ರುವರಿಯಲ್ಲಿ ಕರೆ ಕೊಟ್ಟವರು ಇದೇ ಬುಷ್.

ಈ ಮತದಾರರ ಬಗ್ಗೆ ಸಾಮಾನ್ಯವಾಗಿ ಎರಡು ವಿವರಣೆಗಳು ಕೇಳಿಬರುತ್ತವೆ. ಇವರು ತಮ್ಮನ್ನು ತಾವೇ ದ್ವೇಷಿಸಿಕೊಳ್ಳುವವರು ಎಂಬುದು ಒಂದು. ತೆರಿಗೆ ಕಡಿತದ ಆಸೆಗೆ ಸ್ವಾಭಿಮಾನವನ್ನು ಮಾರಿಕೊಂಡ ಉಳ್ಳವರು ಎಂಬುದು ಮತ್ತೊಂದು. ಎರಡರಲ್ಲೂ ಅಷ್ಟಿಷ್ಟು ನಿಜವಿರಬಹುದು. ಆದರೆ ಕಾಲು ಭಾಗಕ್ಕೆ ಸಮೀಪದಷ್ಟು ಜನರನ್ನು ರೋಗಿಗಳೆಂದೋ ಲೋಭಿಗಳೆಂದೋ ಬದಿಗೆ ಸರಿಸುವುದು ವಿಶ್ಲೇಷಣೆಯಾಗಲಾರದು. 2000ದ ಚುನಾವಣೆಯಲ್ಲಿ ಈ ಪ್ರಮಾಣ ಶೇ 25 ಇತ್ತು. 2008ರಲ್ಲಿ, ಒಬಾಮ ಅಲೆಯ ನಡುವೆಯೂ, ಶೇ 27 ಆಯಿತು. ಇದು ಒಂದು ಚುನಾವಣೆಯ ಆಕಸ್ಮಿಕವಲ್ಲ.

ಮುಂದುವರಿಯುವ ಮೊದಲು ಎರಡು ಪದಗಳ ಬಗ್ಗೆ ಒಂದು ಮಾತು. ನಮ್ಮ ಪತ್ರಿಕೆಗಳಲ್ಲಿ ರೂಢಿಗೆ ಬಂದಿರುವ ‘ಸಲಿಂಗಕಾಮಿ’ ಎಂಬ ಪದ ಮನುಷ್ಯನ ಇಡೀ ಬಾಳನ್ನು ಕಾಮಕ್ಕೆ ಇಳಿಸಿಬಿಡುತ್ತದೆ. ಹೆಣ್ಣನ್ನು ಪ್ರೀತಿಸಿ ಮದುವೆಯಾಗಿ ಮನೆ ಕಟ್ಟಿದ ಗಂಡಸನ್ನು ನಾವು ‘ಭಿನ್ನಲಿಂಗಕಾಮಿ’ ಎಂದು ಪರಿಚಯಿಸುವುದಿಲ್ಲ, ಗೃಹಸ್ಥ ಎನ್ನುತ್ತೇವೆ. ‘ಸಂಪ್ರದಾಯವಾದಿ’ ಎಂಬ ಪದವೂ ನಮ್ಮಲ್ಲಿ ಮಡಿ, ಜಾತಿ, ವಿಧಿನಿಷೇಧಗಳನ್ನೇ ನೆನಪಿಗೆ ತರುತ್ತದೆ. ಇಂಗ್ಲಿಷ್ ಚಿಂತಕ ಮೈಕೆಲ್ ಓಕ್‌ಶಾಟ್ ಅರ್ಥೈಸಿದ ಸಂಪ್ರದಾಯವಾದ ಬೇರೆಯದು. ಅದು ಒಂದು ಸಿದ್ಧಾಂತಕ್ಕಿಂತ ಹೆಚ್ಚಾಗಿ ಒಂದು ಮನೋಧರ್ಮ: ಇರುವುದನ್ನು ಆದರಿಸುವುದು, ಸಮಾಜವನ್ನು ನೀಲನಕ್ಷೆ ಹಿಡಿದು ಕಟ್ಟಬಹುದೆಂಬ ಹಮ್ಮನ್ನು ಅನುಮಾನಿಸುವುದು, ಸರ್ಕಾರದಿಂದ ಮೋಕ್ಷವನ್ನು ನಿರೀಕ್ಷಿಸದಿರುವುದು. ಬೇರೆ ಪದಗಳು ಇನ್ನೂ ಚಲಾವಣೆಗೆ ಬಾರದ ಕಾರಣ ಹಳೆಯವನ್ನೇ ಬಳಸುತ್ತಿದ್ದೇನೆ. ಪದದ ಹಿಂದಿರುವ ಅರ್ಥವನ್ನು ಓದುಗರು ಸ್ವಲ್ಪ ಹಿಗ್ಗಿಸಿಕೊಳ್ಳಬೇಕು.

ಓಕ್‌ಶಾಟ್ ಅವರನ್ನು ಕುರಿತೇ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಪಡೆದವರು ಆಂಡ್ರ್ಯೂ ಸಲಿವನ್. 1963ರಲ್ಲಿ ಇಂಗ್ಲೆಂಡಿನ ಕ್ಯಾಥೊಲಿಕ್ ಕುಟುಂಬವೊಂದರಲ್ಲಿ ಹುಟ್ಟಿ, ಆಕ್ಸ್‌ಫರ್ಡ್‌ನಲ್ಲಿ ಓದಿ, ಮಾರ್ಗರೆಟ್ ಥ್ಯಾಚರ್ ಅವರ ಅಭಿಮಾನಿಯಾಗಿ ಅಮೆರಿಕಕ್ಕೆ ಹೋದ ಈತ 1991ರಲ್ಲಿ, ತನ್ನ 28ನೆಯ ವಯಸ್ಸಿಗೆ, ‘ದಿ ನ್ಯೂ ರಿಪಬ್ಲಿಕ್’ ವಾರಪತ್ರಿಕೆಯ ಸಂಪಾದಕರಾದರು. ತಾವು ಸಲಿಂಗಿ ಎಂಬುದನ್ನು ಅವರು ಮುಚ್ಚಿಟ್ಟಿರಲಿಲ್ಲ. ಅದಕ್ಕೂ ಎರಡು ವರ್ಷ ಮೊದಲು, 1989ರಲ್ಲಿ, ಅದೇ ಪತ್ರಿಕೆಯಲ್ಲಿ ಅವರು ಬರೆದ ಲೇಖನವೊಂದು ಸಲಿಂಗ ವಿವಾಹಕ್ಕೆ ಸಂಪ್ರದಾಯವಾದಿಯ ಸಮರ್ಥನೆಯನ್ನು ಮಂಡಿಸಿತು. ಆಗ ಜಗತ್ತಿನ ಯಾವ ದೇಶದಲ್ಲೂ ಅಂತಹ ವಿವಾಹಕ್ಕೆ ಕಾನೂನಿನ ಮನ್ನಣೆ ಇರಲಿಲ್ಲ. ಡೆನ್ಮಾರ್ಕ್ ಅದೇ ವರ್ಷ ‘ನೋಂದಾಯಿತ ಸಹಜೀವನ’ವೆಂಬ ಅರ್ಧ ಹೆಜ್ಜೆಯನ್ನು ಇಟ್ಟಿತ್ತು, ಅಷ್ಟೆ.

ಸಲಿವನ್ ಅವರ ವಾದ ಹಕ್ಕಿನ ಭಾಷೆಯಲ್ಲಿರಲಿಲ್ಲ ಎಂಬುದೇ ಅದರ ವಿಶೇಷ. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಅದು ಪರಿಚಿತವಾದ ಪ್ರೋತ್ಸಾಹಕಗಳ ತರ್ಕ. ವಿವಾಹವು ಮನುಷ್ಯನನ್ನು ಕಟ್ಟಿಹಾಕುತ್ತದೆ. ಕಾಯಿಲೆಯಲ್ಲಿ, ಮುಪ್ಪಿನಲ್ಲಿ ಒಬ್ಬರಿಗೊಬ್ಬರು ಹೊಣೆಯಾಗುವಂತೆ ಮಾಡುತ್ತದೆ. ಹಾಗಾಗಿಯೇ ಸಮಾಜ ಅದಕ್ಕೆ ಗೌರವವನ್ನೂ ಸವಲತ್ತನ್ನೂ ಕೊಡುತ್ತದೆ. ಈ ಕಟ್ಟು ಒಳ್ಳೆಯದೆಂದು ನಂಬುವವರು ಒಂದು ವರ್ಗದ ಜನರನ್ನು ಮಾತ್ರ ಅದರಿಂದ ಹೊರಗಿಡುವುದೇಕೆ? ವಿವಾಹದ ಬದಲು ನಗರಸಭೆಗಳು ಸಹಜೀವನದ ಪ್ರಮಾಣಪತ್ರ ಹಂಚಲು ಹೊರಟರೆ, ನಾಳೆ ಗಂಡು ಹೆಣ್ಣಿನ ಜೋಡಿಗಳೂ ಆ ಹಗುರವಾದ ಗಂಟನ್ನೇ ಆರಿಸಿಕೊಂಡಾರು. ಆಗ ಸಡಿಲವಾಗುವುದು ವಿವಾಹವೇ. ಸಂಪ್ರದಾಯವಾದಿಗೆ ಇದಕ್ಕೆ ಉತ್ತರ ಕೊಡುವುದು ಸುಲಭವಾಗಿರಲಿಲ್ಲ. ಕೊಟ್ಟವರೂ ಕಡಿಮೆ.

ವಿರೋಧ ಎರಡೂ ದಿಕ್ಕಿನಿಂದ ಬಂತು. ಚರ್ಚುಗಳ ವಿರೋಧ ನಿರೀಕ್ಷಿತವೇ. ಆದರೆ ಸಲಿಂಗಿಗಳ ಚಳವಳಿಯ ಎಡಪಂಥೀಯರೂ ಸಿಟ್ಟಾದರು. ಮದುವೆಯೆಂಬ ಪಿತೃಪ್ರಧಾನ ವ್ಯವಸ್ಥೆಯಿಂದ ಬಿಡುಗಡೆ ಪಡೆಯಲು ಹೊರಟವರನ್ನು ಈತ ಮತ್ತೆ ಅದೇ ಹಟ್ಟಿಗೆ ಕೂಡುತ್ತಿದ್ದಾನೆ ಎಂಬುದು ಅವರ ಆಕ್ಷೇಪ. ಮೈಕೆಲ್ ವಾರ್ನರ್ 1999ರಲ್ಲಿ ಈ ಆಕ್ಷೇಪವನ್ನು ಒಂದು ಪುಸ್ತಕವಾಗಿಯೇ ಬೆಳೆಸಿದರು. ಆದರೆ ಏಡ್ಸ್ ಪಿಡುಗಿನ ವರ್ಷಗಳಲ್ಲಿ ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲಿ ತಡೆಯಲ್ಪಟ್ಟವರು, ಸಂಗಾತಿ ಸತ್ತ ಮರುದಿನ ಬಾಡಿಗೆ ಮನೆಯಿಂದ ಹೊರಬಿದ್ದವರು, ಹೆಣದ ಮೇಲೂ ಹಕ್ಕಿಲ್ಲದೆ ನಿಂತವರು ಇದನ್ನು ಸಿದ್ಧಾಂತದ ಪ್ರಶ್ನೆಯಾಗಿ ನೋಡಲಿಲ್ಲ. ‘ನೀವು ಈತನಿಗೆ ಏನಾಗಬೇಕು?’ ಎಂದು ಗುಮಾಸ್ತ ಕೇಳಿದಾಗ ಕೊಡಲು ಅವರಿಗೊಂದು ಪದ ಬೇಕಿತ್ತು.

ಸ್ವತಃ ಸಲಿವನ್ ಅವರಿಗೂ ಎಚ್‌ಐವಿ ಸೋಂಕು ತಗುಲಿತ್ತು. 1996ರಲ್ಲಿ ಅದನ್ನು ಬಹಿರಂಗಪಡಿಸಿದರು. ಸೋಂಕಿತರಾದ ವಿದೇಶೀಯರನ್ನು ದೇಶದೊಳಗೆ ಬಿಟ್ಟುಕೊಳ್ಳಬಾರದೆಂಬ ನಿಯಮ 1987ರಲ್ಲಿ, ರಿಪಬ್ಲಿಕನ್ ಸೆನೆಟರ್ ಜೆಸ್ಸಿ ಹೆಲ್ಮ್ಸ್ ಅವರ ಒತ್ತಾಯದಿಂದ ಬಂದಿತ್ತು; 1993ರಲ್ಲಿ ಡೆಮಾಕ್ರಟಿಕ್ ಅಧ್ಯಕ್ಷ ಕ್ಲಿಂಟನ್ ಅವರ ಸಹಿಯೊಂದಿಗೆ ಕಾನೂನೇ ಆಯಿತು. 2010ರ ಜನವರಿಯವರೆಗೂ ಅದು ಜಾರಿಯಲ್ಲಿತ್ತು. 2007ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಮದುವೆಯಾದ ಸಲಿವನ್, ಅಮೆರಿಕದ ಪ್ರಜೆಯಾದದ್ದು 2016ರಲ್ಲಿ. ಸುವ್ಯವಸ್ಥೆಯನ್ನೂ ಕಾನೂನಿನ ಆಳ್ವಿಕೆಯನ್ನೂ ಹಾಡಿ ಹೊಗಳಿದ ಲೇಖಕನೊಬ್ಬ ಎರಡು ದಶಕಗಳ ಕಾಲ ಕಾನೂನಿನ ಕಣ್ಣಿನಲ್ಲಿ ಹೊರಗಿನವನಾಗಿಯೇ ಉಳಿದ.

ಇನ್ನು ಚುನಾವಣೆ. ಸಲಿವನ್ 2000ದಲ್ಲಿ ಬುಷ್ ಅವರನ್ನು ಬೆಂಬಲಿಸಿದರು, ಇರಾಕ್ ಯುದ್ಧವನ್ನೂ ಬೆಂಬಲಿಸಿದರು. ಸಂವಿಧಾನ ತಿದ್ದುಪಡಿಯ ಕರೆ, ಯುದ್ಧಕೈದಿಗಳ ಚಿತ್ರಹಿಂಸೆ, ಏರುತ್ತಿದ್ದ ಸರ್ಕಾರಿ ವೆಚ್ಚ ಇವುಗಳಿಂದ ಬೇಸತ್ತು 2004ರಲ್ಲಿ ಜಾನ್ ಕೆರಿ ಅವರ ಕಡೆಗೆ ತಿರುಗಿದರು. 2008ರಲ್ಲಿ ಒಬಾಮ ಪರ ನಿಂತರು. ಪಕ್ಷಾಂತರಿ ಎಂದು ಜರೆದವರಿಗೆ ಅವರು ಕೊಟ್ಟ ಉತ್ತರದ ಸಾರ, ಬದಲಾಗಿದ್ದು ತಾನಲ್ಲ, ಪಕ್ಷ ಎಂಬುದು. ಹೀಗೆ ಹೇಳದ ಪಕ್ಷಾಂತರಿ ಇಲ್ಲವೆನ್ನಿ. ಆದರೆ 2006ರಲ್ಲಿ ಅವರು ಸಂಪ್ರದಾಯವಾದದ ಆತ್ಮವನ್ನು ಕುರಿತು ಬರೆದ ಪುಸ್ತಕವನ್ನು ಓದಿದವರಿಗೆ ಈ ಮಾತಿನಲ್ಲಿ ಹುರುಳಿಲ್ಲ ಎನಿಸುವುದಿಲ್ಲ. ಅನುಮಾನವೇ ಸಂಪ್ರದಾಯವಾದದ ಜೀವಾಳ, ಸಂಪೂರ್ಣ ಸತ್ಯ ತನ್ನಲ್ಲಿದೆ ಎನ್ನುವ ಮತೀಯ ರಾಜಕಾರಣ ಅದರ ಶತ್ರು ಎಂಬುದು ಅಲ್ಲಿನ ಪ್ರತಿಪಾದನೆ.

ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಬರೆದ ಸಣ್ಣ ಪುಸ್ತಕವೊಂದು ನಮ್ಮ ತಲೆಮಾರಿನ ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಪ್ರಿಯವಾಗಿತ್ತು. ಸಂಸ್ಥೆಯೊಂದು ಕೆಡತೊಡಗಿದಾಗ ಸದಸ್ಯನ ಮುಂದೆ ಇರುವ ದಾರಿಗಳು ಎರಡು: ಹೊರನಡೆಯುವುದು, ಇಲ್ಲವೇ ಒಳಗಿದ್ದು ದನಿಯೆತ್ತುವುದು. ಇವೆರಡರ ನಡುವಣ ಆಯ್ಕೆಯನ್ನು ನಿರ್ಧರಿಸುವುದು ನಿಷ್ಠೆ. ಇದರ ಇನ್ನೊಂದು ಮುಖವೂ ಇದೆ. ಎಂದೂ ಹೊರನಡೆಯಲಾರ ಎಂದು ಖಾತ್ರಿಯಾದ ಸದಸ್ಯನ ದನಿಗೆ ಬೆಲೆ ಇಲ್ಲ. ಸಲಿಂಗಿ ಸಂಪ್ರದಾಯವಾದಿಗಳು ಡೆಮಾಕ್ರಟಿಕ್ ಪಕ್ಷದ ವಿರುದ್ಧ ಹೇಳುತ್ತಾ ಬಂದದ್ದು ಇದನ್ನೇ. 1996ರಲ್ಲಿ ವಿವಾಹವನ್ನು ಗಂಡು ಹೆಣ್ಣಿಗೆ ಸೀಮಿತಗೊಳಿಸಿದ ಕೇಂದ್ರ ಕಾನೂನು ಕೆಳಮನೆಯಲ್ಲಿ 342–67, ಸೆನೆಟ್‌ನಲ್ಲಿ 85–14 ಮತಗಳಿಂದ ಅಂಗೀಕಾರವಾಯಿತು. ಅದಕ್ಕೆ ಸಹಿ ಹಾಕಿದವರು ಕ್ಲಿಂಟನ್. ಸಲಿಂಗಿಗಳ ಮತ ಎಲ್ಲಿಗೂ ಹೋಗುವುದಿಲ್ಲ ಎಂಬ ಧೈರ್ಯ ಅವರಿಗಿತ್ತು, ಹೋಗಲಿಲ್ಲ ಕೂಡ.

ರಿಪಬ್ಲಿಕನ್ ಪಕ್ಷದ ಒಳಗಿದ್ದು ದನಿಯೆತ್ತಲು ಹೊರಟವರು ‘ಲಾಗ್ ಕ್ಯಾಬಿನ್ ರಿಪಬ್ಲಿಕನ್ಸ್’. ಲಿಂಕನ್ ಹುಟ್ಟಿದ ಮರದ ದಿಮ್ಮಿಗಳ ಗುಡಿಸಲಿನ ನೆನಪಿಗೆ ಇಟ್ಟುಕೊಂಡ ಹೆಸರು. ಇದರ ಮೂಲ 1978ರ ಕ್ಯಾಲಿಫೋರ್ನಿಯದಲ್ಲಿದೆ. ಸರ್ಕಾರಿ ಶಾಲೆಗಳಿಂದ ಸಲಿಂಗಿ ಶಿಕ್ಷಕರನ್ನು ಹೊರಹಾಕುವ ಪ್ರಸ್ತಾವವೊಂದು ಅಲ್ಲಿ ಜನಮತಕ್ಕೆ ಬಂದಾಗ, ಅಧ್ಯಕ್ಷ ಪದವಿಗೆ ಸಿದ್ಧತೆ ನಡೆಸುತ್ತಿದ್ದ ಮಾಜಿ ಗವರ್ನರ್ ರೊನಾಲ್ಡ್ ರೇಗನ್ ಅದನ್ನು ಬಹಿರಂಗವಾಗಿ ವಿರೋಧಿಸಿದರು. ಪ್ರಸ್ತಾವ ಹತ್ತು ಲಕ್ಷಕ್ಕೂ ಹೆಚ್ಚು ಮತಗಳಿಂದ ಬಿದ್ದುಹೋಯಿತು. ಸರ್ಕಾರ ಪ್ರಜೆಯ ಖಾಸಗಿ ಬದುಕಿನಲ್ಲಿ ಮೂಗು ತೂರಿಸಬಾರದೆಂಬ ಸಂಪ್ರದಾಯವಾದ ಆಗ ಇನ್ನೂ ಜೀವಂತವಾಗಿತ್ತು. ಆಮೇಲಿನ ಕಥೆ ಇಷ್ಟು ಚೆನ್ನಾಗಿಲ್ಲ. 1995ರಲ್ಲಿ ಈ ಸಂಘ ಕೊಟ್ಟ ಸಾವಿರ ಡಾಲರ್ ದೇಣಿಗೆಯನ್ನು ಬಾಬ್ ಡೋಲ್ ಅವರ ಚುನಾವಣಾ ಕಚೇರಿ ಹಿಂದಿರುಗಿಸಿತು. 2004ರಲ್ಲಿ ಸಂಘದ ಆಡಳಿತ ಮಂಡಳಿ 22–2 ಮತಗಳಿಂದ ಬುಷ್ ಅವರಿಗೆ ಬೆಂಬಲ ನಿರಾಕರಿಸಿತು. ಆ ಚುನಾವಣೆಯಲ್ಲಿ ಬುಷ್ ಅವರ ಪ್ರಚಾರದ ಸೂತ್ರಧಾರರಾಗಿದ್ದ ಕೆನ್ ಮೆಲ್ಮನ್, ತಾವು ಸಲಿಂಗಿ ಎಂದು 2010ರಲ್ಲಿ ಹೇಳಿಕೊಂಡರು. ಹನ್ನೊಂದು ರಾಜ್ಯಗಳ ಆ ಫಲಿತಾಂಶದ ರಾತ್ರಿ ಅವರ ಮನಸ್ಸಿನಲ್ಲಿ ಏನಿತ್ತೋ ಅವರೇ ಬಲ್ಲರು.

ಸರ್ಕಾರಿ ಸೇವೆಯಲ್ಲಿ ಮೂರು ದಶಕಗಳನ್ನು ಕಳೆದ ನನ್ನನ್ನು ಹೆಚ್ಚು ಕಾಡುವ ಅಧ್ಯಾಯ ಇನ್ನೂ ಹಿಂದಿನದು. 1953ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಹೊರಡಿಸಿದ ಆದೇಶವೊಂದು ‘ಲೈಂಗಿಕ ವಿಕೃತಿ’ಯನ್ನು ಕೇಂದ್ರ ಸರ್ಕಾರಿ ನೌಕರರ ವಜಾಕ್ಕೆ ಕಾರಣವಾಗಬಲ್ಲ ಅಂಶಗಳ ಪಟ್ಟಿಗೆ ಸೇರಿಸಿತು. ಇಂಥವರನ್ನು ಶತ್ರು ದೇಶದ ಗೂಢಚಾರರು ಬೆದರಿಸಿ ರಹಸ್ಯ ಕಸಿದುಕೊಳ್ಳಬಹುದು ಎಂಬುದು ಸಮಜಾಯಿಷಿ. ಬೆದರಿಕೆಗೆ ಆಸ್ಪದ ಕೊಟ್ಟದ್ದೇ ಆ ಆದೇಶ ಎಂಬುದು ಕರಡು ಸಿದ್ಧಪಡಿಸಿದ ಅಧಿಕಾರಿಗಳಿಗೆ ಹೊಳೆಯಲಿಲ್ಲವೋ, ಹೊಳೆದೂ ಟಿಪ್ಪಣಿ ಬರೆಯಲಿಲ್ಲವೋ! ಸೈನ್ಯದ ನಕಾಶೆ ವಿಭಾಗದಲ್ಲಿದ್ದ ಖಗೋಳಶಾಸ್ತ್ರಜ್ಞ ಫ್ರಾಂಕ್ ಕ್ಯಾಮೆನಿ 1957ರಲ್ಲಿ ಕೆಲಸ ಕಳೆದುಕೊಂಡರು. ಹಾರ್ವರ್ಡ್‌ನ ಡಾಕ್ಟರೇಟ್, ಎರಡನೆಯ ಮಹಾಯುದ್ಧದಲ್ಲಿ ಹೋರಾಡಿದ ದಾಖಲೆ ಯಾವುದೂ ಲೆಕ್ಕಕ್ಕೆ ಬರಲಿಲ್ಲ. 1961ರಲ್ಲಿ ಸುಪ್ರೀಂ ಕೋರ್ಟ್ ಅವರ ಅರ್ಜಿಯನ್ನು ವಿಚಾರಣೆಗೇ ಎತ್ತಿಕೊಳ್ಳಲಿಲ್ಲ. ನಾಗರಿಕ ಸೇವೆಯ ನಿಯಮ ಬದಲಾದದ್ದು 1975ರಲ್ಲಿ. ಸರ್ಕಾರ ಕ್ಯಾಮೆನಿ ಅವರ ಕ್ಷಮೆ ಕೇಳಿದ್ದು 2009ರಲ್ಲಿ, ಅವರ 84ನೆಯ ವಯಸ್ಸಿನಲ್ಲಿ.

ಈ ಬೇಟೆಯ ಕಾಲದಲ್ಲಿ ಸೆನೆಟರ್ ಮೆಕಾರ್ಥಿ ಅವರ ಬಲಗೈಯಾಗಿದ್ದ ವಕೀಲ ರಾಯ್ ಕೋನ್ ಸ್ವತಃ ಸಲಿಂಗಿ. 1986ರಲ್ಲಿ ಏಡ್ಸ್‌ನಿಂದ ಸಾಯುವವರೆಗೂ ತನಗಿರುವುದು ಯಕೃತ್ತಿನ ಕ್ಯಾನ್ಸರ್ ಎಂದೇ ವಾದಿಸಿದರು. ಈ ವ್ಯಕ್ತಿಯನ್ನು ರಂಗದ ಮೇಲೆ ತಂದವರು ಟೋನಿ ಕುಶ್ನರ್. ಅವರ ‘ಏಂಜೆಲ್ಸ್ ಇನ್ ಅಮೆರಿಕ’ ನಾಟಕಕ್ಕೆ 1993ರಲ್ಲಿ ಪುಲಿಟ್ಜರ್ ಬಂತು. 2003ರ ದೂರದರ್ಶನ ರೂಪದಲ್ಲಿ ಅಲ್ ಪಚಿನೊ ಕೋನ್ ಪಾತ್ರ ವಹಿಸಿದರು. ಇಪ್ಪತ್ತನೆಯ ಶತಮಾನದ ಕೊನೆಯ ಭಾಗದ ಅಮೆರಿಕನ್ ರಂಗಭೂಮಿಯಲ್ಲಿ ಇದಕ್ಕಿಂತ ದೊಡ್ಡ ಕೃತಿ ವಿರಳ. ಸಲಿಂಗಿ ಸಂಪ್ರದಾಯವಾದಿಗಳಿಗೂ ಕಲಾಲೋಕಕ್ಕೂ ನಡುವೆ ಇರುವ ಬಿರುಕು ಇದರಲ್ಲೇ ಕಾಣುತ್ತದೆ. ನಾಟಕದಲ್ಲಿ ಇಬ್ಬರು ಸಲಿಂಗಿ ರಿಪಬ್ಲಿಕನ್ನರಿದ್ದಾರೆ. ಒಬ್ಬ ಕೋನ್. ಇನ್ನೊಬ್ಬ ಜೋ ಪಿಟ್. ಮಾರ್ಮನ್ ಪಂಥದ ಶ್ರದ್ಧಾವಂತ, ನ್ಯಾಯಾಲಯದ ಗುಮಾಸ್ತ, ತನ್ನ ಸ್ವಭಾವವನ್ನು ಹೆಂಡತಿಯಿಂದಲೂ ತನ್ನಿಂದಲೂ ಮುಚ್ಚಿಟ್ಟುಕೊಂಡ ಸಾಮಾನ್ಯ ಮನುಷ್ಯ. ಕೋನ್ ಸತ್ತಾಗ, ಅವನಿಂದ ಮರಣದಂಡನೆಗೆ ಗುರಿಯಾದ ಎಥೆಲ್ ರೋಸೆನ್‌ಬರ್ಗ್‌ಳ ಪ್ರೇತವೇ ಬಂದು ಯೆಹೂದಿಗಳ ಮರಣಪ್ರಾರ್ಥನೆಗೆ ದನಿಗೂಡಿಸುತ್ತದೆ. ರಾಕ್ಷಸನಿಗೆ ಕ್ಷಮೆ ಸಿಗುತ್ತದೆ. ಕೊನೆಯ ದೃಶ್ಯದಲ್ಲಿ ಉದ್ಯಾನದ ಕಾರಂಜಿಯ ಬಳಿ ಉಳಿದವರಲ್ಲಿ ಕೆಲವರು ಸೇರುತ್ತಾರೆ. ಜೋನ ತಾಯಿ ಕೂಡ ಅಲ್ಲಿದ್ದಾಳೆ. ಜೋ ಇಲ್ಲ.

ಮಹಾನಾಟಕಕಾರನಿಗೆ ಪಾಪಿಯನ್ನು ಕ್ಷಮಿಸುವುದು ಸಾಧ್ಯವಾಯಿತು, ತಪ್ಪು ಪಕ್ಷಕ್ಕೆ ಮತ ಹಾಕುವ ಸಾಧಾರಣನಿಗೆ ಒಂದು ಬೆಂಚು ಒದಗಿಸುವುದು ಆಗಲಿಲ್ಲ. ಇದು ನನ್ನ ಓದು. ಕುಶ್ನರ್ ಅಭಿಮಾನಿಗಳು ಒಪ್ಪಲಾರರು.

ಕಲೆಯ ಪ್ರಶ್ನೆಯನ್ನು ಹೆಚ್ಚು ನೇರವಾಗಿ ಎದುರಿಸಿದವರು ಬ್ರೂಸ್ ಬಾವರ್. ಕವಿ, ಸಾಹಿತ್ಯ ವಿಮರ್ಶಕ. ಹಿಲ್ಟನ್ ಕ್ರೇಮರ್ ಮತ್ತು ಪಿಯಾನೋ ವಾದಕ ಸ್ಯಾಮ್ಯುಯಲ್ ಲಿಪ್‌ಮನ್ 1982ರಲ್ಲಿ ಆರಂಭಿಸಿದ ‘ದಿ ನ್ಯೂ ಕ್ರೈಟೀರಿಯನ್’ ಎಂಬ ಬಲಪಂಥೀಯ ಕಲಾಪತ್ರಿಕೆಯಲ್ಲಿ ಹತ್ತು ವರ್ಷ ಬರೆದರು. ಕೃತಿಯನ್ನು ಕೃತಿಯಾಗಿ ಓದಬೇಕು, ಬರೆದವನ ಗುರುತಿನ ಚೀಟಿಯಾಗಿ ಅಲ್ಲ ಎಂಬುದು ಆ ಪತ್ರಿಕೆಯ ನಿಲುವು, ಬಾವರ್ ಅವರದೂ ಹೌದು. 1993ರಲ್ಲಿ ಬಂದ ‘ಎ ಪ್ಲೇಸ್ ಅಟ್ ದಿ ಟೇಬಲ್’ ಪುಸ್ತಕದಲ್ಲಿ ಅವರು ಹೇಳಿದ್ದರ ತಾತ್ಪರ್ಯ ಇಷ್ಟು: ಬಹುಪಾಲು ಸಲಿಂಗಿಗಳು ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗುವ, ಭಾನುವಾರ ಚರ್ಚಿಗೆ ಹೋಗುವ, ನೆರೆಹೊರೆಯವರೊಂದಿಗೆ ಹೊಂದಿಕೊಂಡು ಬಾಳುವ ಜನ. ಮೆರವಣಿಗೆಯಲ್ಲಿ ಅರೆಬೆತ್ತಲಾಗಿ ಕುಣಿಯುವ ಕೆಲವರ ಚಿತ್ರವೇ ಎಲ್ಲರ ಚಿತ್ರವಾಗಿರುವುದು ಮತೀಯ ಬಲಪಂಥಕ್ಕೂ ಅನುಕೂಲ, ಕ್ರಾಂತಿಕಾರಿ ಎಡಪಂಥಕ್ಕೂ ಅನುಕೂಲ.

ಬಾವರ್ ಬರೆಯುತ್ತಿದ್ದ ಆ ವರ್ಷಗಳಲ್ಲೇ ಅಮೆರಿಕದ ಕಲಾಲೋಕದಲ್ಲಿ ದೊಡ್ಡ ಕಾಳಗ ನಡೆದಿತ್ತು. ಛಾಯಾಗ್ರಾಹಕ ರಾಬರ್ಟ್ ಮ್ಯಾಪಲ್‌ಥಾರ್ಪ್ 1989ರ ಮಾರ್ಚ್‌ನಲ್ಲಿ ಏಡ್ಸ್‌ನಿಂದ ತೀರಿಕೊಂಡರು. ಹೂವುಗಳನ್ನೂ ನಗ್ನ ದೇಹಗಳನ್ನೂ ಒಂದೇ ತಣ್ಣನೆಯ ಪರಿಪೂರ್ಣತೆಯಿಂದ ಕಂಡ ಕಲಾವಿದ ಅವರು. ಕೆಲವು ಚಿತ್ರಗಳು ಉಗ್ರವಾಗಿ ಲೈಂಗಿಕವಾದವು. ಅವರ ಪ್ರದರ್ಶನಕ್ಕೆ ರಾಷ್ಟ್ರೀಯ ಕಲಾ ನಿಧಿಯಿಂದ 30,000 ಡಾಲರ್ ನೆರವು ಸಂದಿತ್ತು. ಜೂನ್‌ನಲ್ಲಿ ವಾಷಿಂಗ್ಟನ್‌ನ ಕೊರ್ಕೊರನ್ ಗ್ಯಾಲರಿ ಹೆದರಿ ಪ್ರದರ್ಶನವನ್ನು ರದ್ದುಪಡಿಸಿತು. ಸೆನೆಟ್‌ನಲ್ಲಿ ಗರ್ಜಿಸಿದವರು, ವಲಸೆ ಕಾನೂನಿನಲ್ಲಿ ನಾವು ಆಗಲೇ ಕಂಡ ಜೆಸ್ಸಿ ಹೆಲ್ಮ್ಸ್. ಸಿನ್ಸಿನಾಟಿಯಲ್ಲಿ ಇದೇ ಚಿತ್ರಗಳನ್ನು ತೋರಿಸಿದ ಕಲಾಕೇಂದ್ರದ ನಿರ್ದೇಶಕರನ್ನು ಅಶ್ಲೀಲತೆಯ ಆರೋಪದ ಮೇಲೆ ಕಟಕಟೆಗೆ ಹತ್ತಿಸಲಾಯಿತು. 1990ರ ಅಕ್ಟೋಬರ್‌ನಲ್ಲಿ ಜ್ಯೂರಿ ಅವರನ್ನು ಬಿಡುಗಡೆ ಮಾಡಿತು. ಅನುದಾನ ನೀಡುವಾಗ ‘ಸಭ್ಯತೆ’ಯನ್ನು ಪರಿಗಣಿಸಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ 1998ರಲ್ಲಿ 8–1ರ ಬಹುಮತದಿಂದ ಎತ್ತಿಹಿಡಿಯಿತು. ಅಷ್ಟರಲ್ಲಿ ನಿಧಿಯ ವಾರ್ಷಿಕ ಹಣ 1995ರ 16 ಕೋಟಿ 20 ಲಕ್ಷ ಡಾಲರ್‌ನಿಂದ ಮರುವರ್ಷ 10 ಕೋಟಿಗೂ ಕೆಳಗೆ ಇಳಿದಿತ್ತು.

ಸಲಿಂಗಿ ಸಂಪ್ರದಾಯವಾದಿಯ ಪಾಡು ಇಲ್ಲಿ ನಿಜಕ್ಕೂ ಇಕ್ಕಟ್ಟಿನದು. ಕಲೆಗೆ ತೆರಿಗೆದಾರನ ಹಣ ಏಕೆ ಎಂದು ಕೇಳುವುದು ಅವನ ಸಿದ್ಧಾಂತಕ್ಕೆ ಸಹಜ. ಆದರೆ ಹೆಲ್ಮ್ಸ್ ಕೇಳುತ್ತಿದ್ದುದು ಆ ಪ್ರಶ್ನೆಯನ್ನಲ್ಲ. ಅವರ ಆಕ್ಷೇಪ ಹಣದ ಮೇಲಲ್ಲ, ಮನುಷ್ಯರ ಮೇಲೆ. ತನ್ನ ತರ್ಕವನ್ನು ತನ್ನ ದ್ವೇಷಿಗಳ ಬಾಯಲ್ಲಿ ಕೇಳುವ ಸಂಕಟ ಅದು.

ಅನುದಾನದ ತಾತ್ವಿಕ ಪ್ರಶ್ನೆಯಲ್ಲಿ ನಾನು ಈ ಲೇಖಕರ ಬಳಗದೊಂದಿಗೆ ಪೂರ್ತಿ ಹೋಗಲಾರೆ. ವಿಲಿಯಂ ಬಾಮೊಲ್ ಮತ್ತು ವಿಲಿಯಂ ಬೋವೆನ್ 1966ರಲ್ಲಿ ತೋರಿಸಿಕೊಟ್ಟ ಸರಳ ಸತ್ಯವೊಂದಿದೆ. ಕಾರ್ಖಾನೆಯಲ್ಲಿ ಯಂತ್ರ ಬಂದಂತೆ ಒಬ್ಬ ಕಾರ್ಮಿಕನ ಉತ್ಪಾದನೆ ಹೆಚ್ಚುತ್ತದೆ, ಕೂಲಿಯೂ ಹೆಚ್ಚುತ್ತದೆ. ನಾಲ್ವರು ವಾದಕರು ನುಡಿಸುವ ಬೀಥೋವನ್ ಕೃತಿಗೆ ಎರಡು ಶತಮಾನಗಳ ಹಿಂದೆಯೂ ನಾಲ್ವರೇ ಬೇಕಿತ್ತು, ಇಂದಿಗೂ ನಾಲ್ವರೇ, ಅಷ್ಟೇ ಹೊತ್ತು. ಆದರೆ ಅವರ ಸಂಬಳ ಉಳಿದವರ ಜೊತೆ ಏರಲೇಬೇಕು. ಹಾಗಾಗಿ ಪ್ರದರ್ಶನ ಕಲೆಗಳು ಯಾರದಾದರೂ ಆಸರೆಯಿಲ್ಲದೆ ನಿಲ್ಲಲಾರವು. ಆ ಆಸರೆ ರಾಜಕಾರಣಿಯ ಕೈಗೆ ಸಿಗದಂತೆ ನಡುವೆ ಒಂದು ಸ್ವಾಯತ್ತ ಮಂಡಳಿ ಇರಬೇಕೆಂಬ ಬ್ರಿಟಿಷ್ ಏರ್ಪಾಡನ್ನು ರೂಪಿಸಿದವರಲ್ಲಿ ಪ್ರಮುಖರು ಜಾನ್ ಮೇನಾರ್ಡ್ ಕೇನ್ಸ್. ಯೌವನದಲ್ಲಿ ಪುರುಷರನ್ನು ಪ್ರೀತಿಸಿ, 1925ರಲ್ಲಿ ನರ್ತಕಿ ಲಿಡಿಯಾ ಲೊಪೊಕೊವಾ ಅವರನ್ನು ಮದುವೆಯಾದ ಕೇನ್ಸ್ ಎಂದೂ ಕನ್ಸರ್ವೇಟಿವ್ ಆಗಿರಲಿಲ್ಲ. ಆದರೂ 1918ರ ಮಾರ್ಚ್‌ನಲ್ಲಿ, ಪ್ಯಾರಿಸ್ ಮೇಲೆ ಜರ್ಮನ್ ಗುಂಡುಗಳು ಬೀಳುತ್ತಿದ್ದಾಗ, ಖಜಾನೆಯಿಂದ 20,000 ಪೌಂಡ್ ಹೊರಡಿಸಿ ದೆಗಾ ಸಂಗ್ರಹದ ಚಿತ್ರಗಳನ್ನು ಲಂಡನ್ನಿನ ರಾಷ್ಟ್ರೀಯ ಗ್ಯಾಲರಿಗೆ ಕೊಡಿಸಿದ ಅಧಿಕಾರಿ ಅವರೇ. ಹಣಕಾಸು ಇಲಾಖೆಯ ಕಡತಗಳಲ್ಲಿ ಇಷ್ಟು ಚಂದದ ವೆಚ್ಚ ಮತ್ತೊಂದಿದೆಯೇ ಎಂದು ನನಗೆ ಸಂದೇಹ.

ವಿವಾಹದ ವಾದ ಗೆದ್ದಿತು. 2015ರ ಜೂನ್ 26ರಂದು ಅಮೆರಿಕದ ಸುಪ್ರೀಂ ಕೋರ್ಟ್ 5–4ರಲ್ಲಿ ಸಲಿಂಗ ವಿವಾಹವನ್ನು ಮಾನ್ಯ ಮಾಡಿದಾಗ ತೀರ್ಪು ಬರೆದ ಆಂಟನಿ ಕೆನಡಿ, ರೇಗನ್ ನೇಮಿಸಿದ ನ್ಯಾಯಮೂರ್ತಿ. 2022ರಲ್ಲಿ ಸಂಸತ್ತು ಅದಕ್ಕೆ ಕಾನೂನಿನ ರಕ್ಷಣೆ ಕೊಟ್ಟಾಗ 12 ರಿಪಬ್ಲಿಕನ್ ಸೆನೆಟರುಗಳು ಪರವಾಗಿ ಮತ ಹಾಕಿದರು. ನಮ್ಮಲ್ಲೂ ಆ ವಾದದ ದನಿ ಕೇಳಿದೆ. 377ನೆಯ ಕಲಮಿನ ವಿರುದ್ಧದ ಮೊಕದ್ದಮೆಗೆ ತನ್ನ ಹೆಸರನ್ನು ಕೊಟ್ಟವರು ಭರತನಾಟ್ಯ ಕಲಾವಿದ ನವತೇಜ್ ಸಿಂಗ್ ಜೋಹರ್. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. 1954ರ ವಿಶೇಷ ವಿವಾಹ ಕಾಯ್ದೆಯಡಿ ತಮಗೂ ಅವಕಾಶ ಕೊಡಿ ಎಂದು ಬಂದವರು ಕೇಳಿದ್ದು ಕ್ರಾಂತಿಯನ್ನಲ್ಲ, ಸಂಸಾರವನ್ನು. 2023ರ ಅಕ್ಟೋಬರ್ 17ರಂದು ನ್ಯಾಯಾಲಯ ಅದನ್ನು ಶಾಸನಸಭೆಗೆ ಬಿಟ್ಟಿತು.

ಗೆದ್ದ ಮೇಲೆ ಸಲಿಂಗಿ ಸಂಪ್ರದಾಯವಾದಿಗಳು ಒಂದಾಗಿ ಉಳಿಯಲಿಲ್ಲ. ಸಲಿವನ್ 2016ರಲ್ಲಿ, ಪ್ಲೇಟೋನನ್ನು ನೆನೆದು, ಟ್ರಂಪ್ ಅವರ ಉದಯವನ್ನು ಪ್ರಜಾಪ್ರಭುತ್ವದ ಅವನತಿಯ ಲಕ್ಷಣವೆಂದು ಬರೆದರು. ನಾರ್ವೆಯಲ್ಲಿ ನೆಲೆಸಿ, ಯುರೋಪಿನ ಇಸ್ಲಾಮೀ ಮೂಲಭೂತವಾದವನ್ನೇ ಮುಖ್ಯ ಅಪಾಯವೆಂದು ಕಂಡ ಬಾವರ್, ಟ್ರಂಪ್ ಪರ ವಾಲಿದರು. ಲಾಗ್ ಕ್ಯಾಬಿನ್ ಸಂಘ 2016ರಲ್ಲಿ ಟ್ರಂಪ್ ಅವರಿಗೆ ಬೆಂಬಲ ಘೋಷಿಸದೆ ಸುಮ್ಮನಿದ್ದು, 2019ರಲ್ಲಿ ಘೋಷಿಸಿತು. ವಿವಾಹವೆಂದರೆ ಒಬ್ಬ ಪುರುಷ, ಒಬ್ಬ ಸ್ತ್ರೀ ಎಂಬ ವ್ಯಾಖ್ಯೆ ಪಕ್ಷದ 2024ರ ಪ್ರಣಾಳಿಕೆಯಿಂದ ಸದ್ದಿಲ್ಲದೆ ಬಿದ್ದುಹೋಯಿತು. 2025ರ ಜನವರಿಯಲ್ಲಿ, ಪುರುಷನನ್ನು ಮದುವೆಯಾಗಿ ಇಬ್ಬರು ಮಕ್ಕಳ ತಂದೆಯಾಗಿರುವ ಸ್ಕಾಟ್ ಬೆಸೆಂಟ್ ಅವರನ್ನು ಸೆನೆಟ್ 68–29 ಮತಗಳಿಂದ ಖಜಾನೆ ಕಾರ್ಯದರ್ಶಿಯಾಗಿ ಒಪ್ಪಿಕೊಂಡಿತು. 1953ರ ಆದೇಶ ಜಾರಿಯಲ್ಲಿದ್ದಿದ್ದರೆ ಆ ಇಲಾಖೆಯಲ್ಲಿ ಅವರಿಗೆ ಗುಮಾಸ್ತೆಯ ಕೆಲಸವೂ ಸಿಗುತ್ತಿರಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಅದೇ ಸರ್ಕಾರ ರಾಷ್ಟ್ರೀಯ ಕಲಾ ನಿಧಿಯನ್ನು ಪೂರ್ತಿಯಾಗಿ ಮುಚ್ಚುವ ಪ್ರಸ್ತಾವವನ್ನು ಆಯವ್ಯಯದಲ್ಲಿ ಮುಂದಿಟ್ಟಿತು.